ಆರು ಮೀಟರಿನ ಗೆರೆ

ಬಸ್ಸು ಮಸ್ಕಿಯ ನಿಲ್ದಾಣ ಬಿಟ್ಟು ಹತ್ತು ನಿಮಿಷವಾಗಿರಲಿಲ್ಲ, ಹಿಂದಿನ ಸೀಟಿನಲ್ಲಿ ಯಾರೋ ‘ಗ’ ಅಂದರು. ಹೊನ್ನೂರಪ್ಪ ಕಿಟಕಿಯ ಸರಳಿಗೆ ಆನಿಸಿದ್ದ ತಲೆಯನ್ನು ಎತ್ತಲಿಲ್ಲ. ಮುಂದೇನು ಬರುತ್ತದೆಂದು ಅವನಿಗೆ ಗೊತ್ತಿತ್ತು. ‘ರ, ಲ’ ಬಂತು. ‘ಟ, ನ, ಮ’ ಬಂತು. ‘ಡ, ಸ, ಹ, ಯ’ ಬರುವ ಹೊತ್ತಿಗೆ ನಾಲ್ಕನೆಯ ಇಯತ್ತೆಯ ಹತ್ತೊಂಬತ್ತು ಮಕ್ಕಳೂ ದನಿಗೂಡಿಸಿ, ಐದನೆಯ ಸಾಲನ್ನು ‘ಕ, ದ, ಪ, ಜ, ತ’ ಎಂದು ಮಗ್ಗಿಯ ಧಾಟಿಯಲ್ಲಿ ಎತ್ತರಕ್ಕೆ ಒಯ್ದು, ಕೊನೆಯ ‘ತ’ವನ್ನು ಎಳೆದು ನಿಲ್ಲಿಸಿ, ಮತ್ತೆ ‘ಗ’ಕ್ಕೆ ಬಂದರು. ಸಂತೆಗೆ ಹೊರಟಿದ್ದ ಮುದುಕನೊಬ್ಬ ಕೈಮುಗಿದ. ಟಿಕೀಟು ಹರಿಯುತ್ತಿದ್ದ ಕಂಡಕ್ಟರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಕೇಳಿದ, ‘ಮಾಸ್ತರ್ರ, ಇದು ಯಾವ ಊರಿನ ಭಜನಿ ಮಂಡಳಿ ರೀ?’

‘ಭಜನಿ ಅಲ್ಲೋ ಮಾರಾಯ. ಲಿಂಗಸುಗೂರಾಗ ಕಣ್ಣಿನ ತಪಾಸಣಿ ಐತಿ. ಅಲ್ಲಿಗೆ ಹೊಂಟೀವಿ.’

‘ಕಣ್ಣಿನ ತಪಾಸಣಿಗೆ ಬಾಯಿ ಯಾಕ್ ಬೇಕು ರೀ?’

ಹೊನ್ನೂರಪ್ಪ ನಕ್ಕ. ಕಂಡಕ್ಟರನ ಮಾತು ಹಾಸ್ಯವೆಂದು ತಾನೇ ತೀರ್ಮಾನಿಸಿ, ಅಕ್ಕಪಕ್ಕದವರಿಗೂ ಕೇಳುವಂತೆ ನಕ್ಕ. ನಕ್ಕು ಮುಗಿದ ಮೇಲೂ ಆ ಮಾತು ಚಪ್ಪಲಿಯೊಳಗೆ ಸೇರಿದ ಹರಳಿನಂತೆ ಉಳಿಯಿತು. ಬೆಳಿಗ್ಗೆ ಗಡ್ಡ ಕೆರೆದುಕೊಳ್ಳುವಾಗಿನಿಂದಲೂ ಏನೋ ಒಂದು ಸರಿ ಇಲ್ಲವೆನ್ನಿಸುತ್ತಿತ್ತು. ಹಾಜರಿ ಪುಸ್ತಕ ಚೀಲದಲ್ಲಿತ್ತು. ಊನವಿರುವ ಮಕ್ಕಳ ಹೆಸರು ಬರೆಯಲು ರಾಯಚೂರಿನಿಂದ ಬಂದಿದ್ದ ನಾಲ್ಕು ಕಾಲಮುಗಳ ಫಾರ್ಮು ಇತ್ತು. ಹತ್ತೊಂಬತ್ತು ತಲೆ ಎರಡು ಸಲ ಎಣಿಸಿಯಾಗಿತ್ತು. ಆದರೂ ಮನೆಯಲ್ಲಿ ಏನನ್ನೋ ಒಲೆಯ ಮೇಲಿಟ್ಟು ಬಂದವನ ಹಾಗೆ ಮತ್ತೊಮ್ಮೆ ಚೀಲ ತಡವಿ ನೋಡಿದ. ಹಿಂದೆ ಎಲ್ಲರಿಗಿಂತ ಎತ್ತರಕ್ಕೆ ಕೇಳುತ್ತಿದ್ದ ದನಿ ಗ್ಯಾನಮ್ಮನದು. ಕಣ್ಣಿನ ತಪಾಸಣೆಯ ಚಾರ್ಟನ್ನು ತರಗತಿಗೆ ತಂದ ಮೊದಲ ದಿನವೇ, ಸಂಜೆಯ ಗಂಟೆ ಹೊಡೆಯುವುದರೊಳಗೆ, ಹದಿನೈದು ಅಕ್ಷರವನ್ನೂ ಸಾಲು ತಪ್ಪದೆ ಒಪ್ಪಿಸಿದವಳು ಅವಳು. ಉಳಿದವರಿಗೆ ಮೂರು ದಿನ ಹಿಡಿದಿತ್ತು. ಚೀಲದಲ್ಲಿದ್ದ ಫಾರ್ಮಿನಲ್ಲಿ, ‘ಕಣ್ಣು’, ‘ಕಿವಿ’, ‘ಕೈಕಾಲು’ ಎಂಬ ಮೂರು ಕಾಲಮುಗಳನ್ನು ಖಾಲಿ ಬಿಟ್ಟು, ‘ಬುದ್ಧಿ’ ಎಂಬ ನಾಲ್ಕನೆಯ ಕಾಲಮಿನಲ್ಲಿ ಹೊನ್ನೂರಪ್ಪ ತನ್ನ ದುಂಡು ಅಕ್ಷರದಲ್ಲಿ ಬರೆದಿದ್ದ ಒಂದೇ ಒಂದು ಹೆಸರೂ ಅವಳದೇ.

ಇದರಲ್ಲಿ ವಿಚಾರ ಮಾಡುವಂಥದ್ದೇನೂ ಇಲ್ಲ ಎಂದು ಅವನು ಕಿಟಕಿಯ ಹೊರಗೆ ನೋಡಿದ. ಸಜ್ಜೆಯ ಹೊಲಗಳು ಹಿಂದಕ್ಕೆ ಓಡುತ್ತಿದ್ದವು. ದೂರದಲ್ಲಿ ಬಿಳಿಯದೊಂದು ಕಾಣಿಸಿತು. ಗುಡಿಯೋ, ಪಂಪ್‌ಸೆಟ್ಟಿನ ಕೋಣೆಯೋ, ನಿಂತ ಎತ್ತೋ ಎಂದು ಹೇಳುವುದು ಕಷ್ಟವಾಯಿತು. ಧೂಳಿನ ದೆಸೆ ಎಂದುಕೊಂಡ. ಧೂಳು ಇದ್ದದ್ದು ನಿಜ. ಆದರೆ ಕಳೆದ ವಾರ ಮಳೆ ಬಿದ್ದದ್ದೂ ನಿಜ.

ಸಿಂಧನೂರಿನ ತರಬೇತಿಯಲ್ಲಿ ಅವನನ್ನು ಹೊಗಳಿದ್ದರು. ಜೂನ್ ತಿಂಗಳಲ್ಲಿ ಆರು ದಿನ, ‘ಅಂಗವಿಕಲ ಮಕ್ಕಳ ಸಮನ್ವಯ ಶಿಕ್ಷಣ’ ಎಂಬ ಹೆಸರಿನಲ್ಲಿ ಮೂವತ್ತು ಮಾಸ್ತರರನ್ನು ಕೂಡಿಸಿದ್ದರು. ಹೊನ್ನೂರಪ್ಪನ ಊರು ಪಕ್ಕದ ಗೊರೇಬಾಳವಾದ್ದರಿಂದ ರಾತ್ರಿ ಮನೆಗೆ ಹೋಗಿ ಉಣ್ಣಬಹುದೆಂಬ ಒಂದೇ ಕಾರಣಕ್ಕೆ ಅವನು ಒಪ್ಪಿದ್ದ. ಮೂರನೆಯ ದಿನ ತರಬೇತುದಾರರು ಒಂದು ಟವಲು ತಂದು, ಕುರುಡು ಮಗು ಶಾಲೆಯಲ್ಲಿ ಹೇಗೆ ನಡೆಯುತ್ತದೆಂಬುದು ನಿಮಗೇ ಗೊತ್ತಾಗಲಿ ಎಂದು, ಒಬ್ಬೊಬ್ಬರ ಕಣ್ಣಿಗೂ ಕಟ್ಟಿ ಬೆಂಚುಗಳ ನಡುವೆ ಬಿಟ್ಟರು. ಮಾನ್ವಿ ಕಡೆಯ ಮಾಸ್ತರೊಬ್ಬರು ಮೊಣಕಾಲು ಒಡೆದುಕೊಂಡರು. ಮತ್ತೊಬ್ಬರು ಬಾಗಿಲೆಂದು ಬೀರುವಿನೊಳಗೆ ಹೊಕ್ಕರು. ಹೊನ್ನೂರಪ್ಪನ ಮೂಗು ತುಸು ಎತ್ತರದ್ದು. ಟವಲಿಗೂ ಮೂಗಿಗೂ ನಡುವೆ ಎರಡು ಬೆರಳಿನಷ್ಟು ಸಂದಿ ಉಳಿದಿತ್ತು. ಹೇಳಬಹುದಿತ್ತು. ಹೇಳಬೇಕೆಂದು ಬಾಯಿ ತೆರೆದದ್ದೂ ಉಂಟು. ಅಷ್ಟರಲ್ಲಿ ‘ನಡೀರಿ’ ಅಂದರು, ಅವನು ಸಂದಿಯಲ್ಲಿ ಕಾಣುತ್ತಿದ್ದ ನೆಲವನ್ನು ನೋಡುತ್ತ ಎಲ್ಲಿಯೂ ತಾಗದೆ ಆ ತುದಿಗೆ ಹೋಗಿ ಈ ತುದಿಗೆ ಬಂದ. ತೋರಿಕೆಗೆ ಒಂದು ಕಡೆ ಕೈ ಚಾಚಿ ತಡವರಿಸಿದ್ದೂ ಉಂಟು. ‘ಆತ್ಮವಿಶ್ವಾಸ ಅಂದ್ರ ಇದು’ ಎಂದು ತರಬೇತುದಾರರು ಎಲ್ಲರಿಂದ ಚಪ್ಪಾಳೆ ಹಾಕಿಸಿದರು. ಕೊನೆಯ ದಿನ ಪ್ರಮಾಣಪತ್ರದ ಜೊತೆ ಸುರುಳಿ ಸುತ್ತಿದ ಕಣ್ಣಿನ ಚಾರ್ಟು ಕೊಟ್ಟರು. ಆರು ಮೀಟರು ದೂರದಲ್ಲಿ ಮಗುವನ್ನು ನಿಲ್ಲಿಸಿ ಓದಿಸಿರಿ, ಓದಲಾಗದವರನ್ನು ಬರೆದುಕೊಳ್ಳಿರಿ, ಅಷ್ಟೇ ನಿಮ್ಮ ಕೆಲಸ, ಎಂದರು.

ಅಷ್ಟೇ ಕೆಲಸ ಎಂದು ಹೆಡ್‌ಮಾಸ್ತರ ಜಿಲಾನಿಸಾಬರಿಗೆ ಹೇಳಿದಾಗ ಅವರು ಚಾರ್ಟನ್ನು ಮೇಜಿನ ಮೇಲೆ ಬಿಡಿಸಿ, ನಾಲ್ಕು ಮೂಲೆಗೂ ನಾಲ್ಕು ಡಸ್ಟರು ಇಟ್ಟು, ಬಹಳ ಹೊತ್ತು ನೋಡಿದ್ದರು. ಬರುವ ಮಾರ್ಚಿಗೆ ನಿವೃತ್ತಿಯಾಗಲಿದ್ದ ಮನುಷ್ಯ. ಶಾಲೆಯ ಗೋಡೆಯ ಮೇಲೆ ಹದಿನಾಲ್ಕು ವರ್ಷದ ಫಲಿತಾಂಶವನ್ನು ಬಣ್ಣದಲ್ಲಿ ಬರೆಸಿದ್ದರು.

‘ಲಿಂಗಸುಗೂರಾಗ ಇದನ್ನ ಓದಸ್ತಾರ?’

‘ಹೌದ್ರಿ ಸರ. ಕಣ್ಣಿನ ಡಾಕ್ಟರು ಬರ್ತಾರಂತ.’

‘ಎಷ್ಟು ಸಾಲಿ ಬರ್ತಾವ?’

‘ಹನ್ನೊಂದು ಅಂತ ಸರ್ಕ್ಯುಲರಿನ್ಯಾಗ ಐತ್ರಿ.’

‘ಹನ್ನೊಂದು ಸಾಲಿ ಮುಂದ ನಮ್ಮ ಹುಡುಗ್ರು ಕಣ್ಣು ಕಣ್ಣು ಬಿಡಬಾರದು ಹೊನ್ನೂರಪ್ಪ. ಇಜ್ಜತ್ತಿನ ಸವಾಲು. ತಯಾರಿ ಮಾಡಸ್ರಿ.’

‘ಸರ, ಇದು ತಯಾರಿ ಮಾಡೋವಂಥದ್ದು…’

‘ಪರೀಕ್ಷಾ ಅಂದ ಮ್ಯಾಲೆ ತಯಾರಿ ಇಲ್ಲದ್ದು ಯಾವುದೈತಿ? ಸತ್ತ ಮ್ಯಾಲೆ ಕಬರಿನ್ಯಾಗ ಕೇಳೋ ಸವಾಲಿಗೂ ನಮ್ಮವರು ಜವಾಬು ಕಲಿಸಿ ಕಳಸ್ತಾರ. ಚಾರ್ಟು ಮಾತ್ರ ಹೊಲಸು ಮಾಡಬ್ಯಾಡ್ರಿ, ಸರ್ಕಾರದ್ದು.’

ಹೊನ್ನೂರಪ್ಪ ಕುರ್ಚಿಯಲ್ಲಿ ಕೂತು, ಎದುರಿನ ಗೋಡೆಗೆ ಚಾರ್ಟು ತೂಗಿಸಿ, ತಾನು ಮೊದಲು ಓದಿದ, ಮಕ್ಕಳು ಹಿಂದಿನಿಂದ ಹೇಳಿದರು. ಎರಡನೆಯ ದಿನದಿಂದ ಚಾರ್ಟು ಜಿಲಾನಿಸಾಬರ ಬೀರುವಿಗೆ ಹೋಯಿತು. ಆಮೇಲಿನ ಹದಿಮೂರು ದಿನ ಮಕ್ಕಳು ಚಾರ್ಟು ತೂಗಿದ್ದ ಬರೀ ಮೊಳೆಯನ್ನು ನೋಡಿಕೊಂಡು ಓದಿದರು. ತಪ್ಪೆನ್ನಿಸಲಿಲ್ಲವೇ? ಎನ್ನಿಸಿತ್ತು, ಎನ್ನಿಸಿದ್ದನ್ನು ಎಲ್ಲಿ ಇಡಬೇಕೆಂದು ಗೊತ್ತಾಗಿರಲಿಲ್ಲ. ಅವನಿಗೆ ಆಗ ನೆನಪಾದದ್ದು ಗುಡ್ಡದ ಮೇಲಿನ ಅಶೋಕನ ಶಾಸನದ ಪಹರೆಯವ ಬುಡ್ಡೇಸಾಬ್. ನೋಡಲು ಬಂದವರಿಗೆ ಅವನು ಬೆತ್ತದಿಂದ ಬಂಡೆಯನ್ನು ಮುಟ್ಟಿ ಮುಟ್ಟಿ ಇಡೀ ಶಾಸನವನ್ನು ಕನ್ನಡದಲ್ಲಿ ಹೇಳುತ್ತಿದ್ದ. ಆ ಲಿಪಿಯ ಒಂದಕ್ಷರವೂ ಅವನಿಗೆ ಬರುತ್ತಿರಲಿಲ್ಲ. ಒಮ್ಮೆ ಮಕ್ಕಳನ್ನು ಕರೆದೊಯ್ದಾಗ ಬುಡ್ಡೇಸಾಬ್ ‘ದೇವರಿಗೆ ಪ್ರಿಯನಾದ ಅಶೋಕ’ ಎನ್ನುತ್ತ ಬೆತ್ತ ಇಟ್ಟದ್ದು ಬರೀ ಬಂಡೆಯ ಮೇಲೆ, ಅಕ್ಷರಗಳು ಅಲ್ಲಿಂದ ಒಂದು ಮೊಳ ಆಚೆಗೆ ಇದ್ದವು. ಹೊನ್ನೂರಪ್ಪ ನೋಡಿದ್ದ. ಬುಡ್ಡೇಸಾಬನೂ ಅವನು ನೋಡಿದ್ದನ್ನು ನೋಡಿದ್ದ. ಇಬ್ಬರೂ ಏನೂ ಅಂದಿರಲಿಲ್ಲ. ಶಾಸನ ಅದರಿಂದ ಕೆಟ್ಟಿರಲಿಲ್ಲ.

‘ಸರ್ರೀ, ಈಕೀನ ಹೆಸರು ಬರದೀರಂತಲ್ರಿ?’

ಪಕ್ಕದ ಸೀಟಿನಿಂದ ಮಾತಾಡಿದವಳು ಗ್ಯಾನಮ್ಮನ ತಾಯಿ ಆದೆಮ್ಮ. ಬಳಗಾನೂರಿನ ನಾಟಿ ಕೆಲಸ ಒಂದು ದಿನ ಬಿಟ್ಟು, ತೊಡೆಯ ಮೇಲೆ ರೊಟ್ಟಿಯ ಗಂಟು ಇಟ್ಟುಕೊಂಡು ಬಂದಿದ್ದಳು. ಹೆಸರು ಬರೆದ ಮಗುವಿನ ಪಾಲಕರು ಬರಬೇಕೆಂಬುದು ಸುತ್ತೋಲೆಯ ನಿಯಮ.

‘ಬರದೀನಿ ಆದೆಮ್ಮ. ಅದೊಂದು… ಸರ್ಕಾರದ ಲೆಕ್ಕ.’

‘ಬುದ್ಧಿ ಇಲ್ಲಂತ ಬರದೀರಂತ.’

‘ಇಲ್ಲಂತಲ್ಲ. ಕಡಿಮಿ ಅಂತ. ಅದೂ ಡಾಕ್ಟರು ಕಣ್ಣು ನೋಡಿ, ಕಿವಿ ನೋಡಿ, ಎರಡೂ ಸರಿ ಅದಾವ ಅಂದ್ರಷ್ಟ. ಆಗ ಸಹಿ ಮಾಡ್ತಾರ.’

‘ಸಹಿ ಮಾಡಿದ ಮ್ಯಾಲೆ?’

ಸಹಿ ಮಾಡಿದ ಮೇಲೆ ವಿಶೇಷ ಶಾಲೆಗೆ ಶಿಫಾರಸು ಎಂದು ಫಾರ್ಮಿನ ಅಡಿಯಲ್ಲಿ ಅಚ್ಚಾಗಿತ್ತು. ಆ ಶಾಲೆ ಎಲ್ಲಿದೆ ಎಂದು ಅಚ್ಚಾಗಿರಲಿಲ್ಲ. ಹೊನ್ನೂರಪ್ಪ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡ. ಆದೆಮ್ಮ ಸಿಟ್ಟು ಮಾಡದೆ, ಬಾಡಿಗೆ ಎತ್ತಿನ ಬಗ್ಗೆ ಮಾತಾಡುವ ದನಿಯಲ್ಲಿ ಹೇಳಿದಳು, ‘ಡಾಕ್ಟರೂ ಅದನ್ನ ಬರದ್ರ ನಾಳಿಗೇ ಹೇಳಿಬಿಡ್ರಿ ಸರ. ನಾಡಿದ್ದಿನ ಗುಂಪಿನ್ಯಾಗ ಈಕೀನೂ ಟ್ರ್ಯಾಕ್ಟರ್ ಹತ್ತಸ್ತೀನಿ. ಭತ್ತ ಹಚ್ಚಾಕ ಬುದ್ಧಿ ಬೇಕಾಗಂಗಿಲ್ರಿ, ನಡ ಬೇಕು. ನಡ ಗಟ್ಟಿ ಐತಿ.’

ಹಿಂದಿನಿಂದ ‘ಗ’ ಬಂತು.

ಒಂದು ಹೆಸರೂ ಇಲ್ಲದ ಫಾರ್ಮು ಕಳಿಸಿದರೆ ನಾವು ಸಮೀಕ್ಷೆಯನ್ನೇ ಮಾಡಿಲ್ಲ ಅಂದುಕೊಳ್ಳುತ್ತಾರೆ, ಎಂದಿದ್ದರು ಜಿಲಾನಿಸಾಬರು; ಬಹಳ ಹೆಸರು ಬರೆದರೆ ನಮ್ಮ ಶಾಲೆಗೆ ಕೆಟ್ಟ ಹೆಸರು; ಒಂದು ಬರೀರಿ. ಒಂದು ಹೆಸರು ಬೇಕೆಂದಾಗ ಹೊನ್ನೂರಪ್ಪ ಒಂದು ಕ್ಷಣವೂ ವಿಚಾರ ಮಾಡಿರಲಿಲ್ಲ, ಮತ್ತು ಈಗ ಬಸ್ಸಿನಲ್ಲಿ ಚುಚ್ಚುತ್ತಿದ್ದದ್ದು ಆ ಒಂದು ಕ್ಷಣವೇ. ಕರಿಹಲಗೆಯ ಮೇಲೆ ‘ಭಾರತದ ನದಿಗಳು’ ಎಂದು ಬರೆದರೆ ಗ್ಯಾನಮ್ಮನ ಪಾಟಿಯಲ್ಲಿ ನದಿಯೂ ಇಲ್ಲ ಭಾರತವೂ ಇಲ್ಲ, ಪಕ್ಕದ ಹುಡುಗಿಯ ಹೆಸರು ಇರುತ್ತಿತ್ತು, ಪಕ್ಕದ ಹುಡುಗಿಯ ಪಾಟಿಯ ಮೇಲ್ತುದಿಯಿಂದ ನಕಲು ಮಾಡಿದ್ದು. ಬೆತ್ತ ತೋರಿಸಿ ಇದೇನು ಅಂದರೆ ಬೆತ್ತವನ್ನೂ ನೋಡದೆ ಅವನ ದನಿ ಬಂದ ಕಡೆ ಮುಖ ಮಾಡಿ ನಿಲ್ಲುತ್ತಿದ್ದಳು. ಬರೆಯುವಾಗ ಪಾಟಿಗೆ ಮೂಗು ತಾಗುವಷ್ಟು ಬಗ್ಗುತ್ತಿದ್ದಳು. ‘ಪಾಟಿ ತಿಂತೀಯೇನ ಬೇ, ಮನ್ಯಾಗ ಉಣ್ಣಾಕ ಹಾಕಂಗಿಲ್ಲೇನು?’ ಎಂದು ಒಂದು ದಿನ ಅವನೇ ಅಂದಿದ್ದ. ತರಗತಿ ನಕ್ಕಿತ್ತು. ಮಾಸ್ತರನ ಹಾಸ್ಯಕ್ಕೆ ತರಗತಿ ನಕ್ಕರೆ ಆ ದಿನ ಸಾರ್ಥಕ. ಮರುದಿನ ಅದನ್ನೇ ಅಂದ. ಮೂರನೆಯ ದಿನ ಅವನು ಅನ್ನುವ ಮೊದಲೇ ತರಗತಿ ಅಂದಿತ್ತು. ಅವಳ ಹೆಸರು ಪಾಟಿ ಗ್ಯಾನಿ ಆಯಿತು. ಬುದ್ಧಿವಂತರು ಮುಂದೆ ಕೂರಲಿ ಎಂದು ಅವಳನ್ನು ಕೊನೆಯ ಸಾಲಿಗೆ, ಕಿಟಕಿಯ ಪಕ್ಕಕ್ಕೆ, ಕರಿಹಲಗೆಯಿಂದ ಶಾಲೆಯಲ್ಲಿ ಸಾಧ್ಯವಾದಷ್ಟು ದೂರಕ್ಕೆ, ಕಳಿಸಿದವನೂ ಅವನೇ. ಸಿಂಧನೂರಿನಲ್ಲಿ ಟವಲು ಕಟ್ಟಿಸಿಕೊಂಡು ಚಪ್ಪಾಳೆ ಹೊಡೆಸಿಕೊಂಡು ಬಂದ ಮೇಲೂ ಅವನು ಅವಳನ್ನು ಅಲ್ಲಿಂದ ಎಬ್ಬಿಸಿರಲಿಲ್ಲ. ಚಾರ್ಟಿನ ಪಾಠದಲ್ಲಿ ಅವಳು ಎಲ್ಲರಿಗಿಂತ ಮೊದಲು ಒಪ್ಪಿಸಿದಾಗ ‘ಭಲೇ’ ಅಂದಿದ್ದ. ಅದರ ಮರುದಿನವೇ ಅವಳ ಹೆಸರನ್ನು ನಾಲ್ಕನೆಯ ಕಾಲಮಿನಲ್ಲಿ ಬರೆದಿದ್ದ. ‘ಭಲೇ’ ಅಂದ ಬಾಯಿ, ಬರೆದ ಕೈ ಎರಡೂ ಒಬ್ಬನವೇ ಎಂಬುದು ಅವನಿಗೆ ಮಸ್ಕಿಯಲ್ಲಿ ಹೊಳೆಯದೆ ಈ ಬಸ್ಸಿನಲ್ಲಿ ಹೊಳೆದದ್ದಕ್ಕೆ ಅವನು ಕಂಡಕ್ಟರನನ್ನು ಮನಸ್ಸಿನಲ್ಲೇ ಬೈದ.

ಲಿಂಗಸುಗೂರಿನಲ್ಲಿ ತಪಾಸಣೆ ನಡೆದದ್ದು ಮಂಗಲ ಕಾರ್ಯಾಲಯವೊಂದರಲ್ಲಿ. ಹಿಂದಿನ ದಿನದ ಮದುವೆಯ ತೋರಣ ಹಾಗೇ ಇತ್ತು. ‘ಸುಸ್ವಾಗತ’ದ ಕೆಳಗೆ ಕಣ್ಣಿನ ಡಾಕ್ಟರಮ್ಮ ಮೇಜು ಹಾಕಿಕೊಂಡು, ಗಾಜುಗಳ ಪೆಟ್ಟಿಗೆ ತೆರೆದಿಟ್ಟುಕೊಂಡು ಕೂತಿದ್ದರು. ವಯಸ್ಸು ಮೂವತ್ತರೊಳಗೆ. ಜಿಲಾನಿಸಾಬರು ಬೆಳಗಿನ ಮೊದಲ ಬಸ್ಸಿಗೇ ಬಂದು, ಕಪ್ಪು ಟೊಪ್ಪಿಗೆ ಹಾಕಿಕೊಂಡು, ಮದುವೆಯಲ್ಲಿ ವರನ ತಂದೆ ನಿಲ್ಲುವ ಜಾಗದಲ್ಲಿ ನಿಂತಿದ್ದರು. ಎದುರು ಗೋಡೆಯ ಮೇಲೆ ಚಾರ್ಟು. ಅದೇ ಚಾರ್ಟು, ಸಿಂಧನೂರಿನಲ್ಲಿ ಕೊಟ್ಟದ್ದರ ಜೋಡಿ. ಆರು ಮೀಟರು ಅಳೆದು ನೆಲದ ಮೇಲೆ ಸುಣ್ಣದ ಗೆರೆ ಎಳೆದಿದ್ದರು. ಆ ಗೆರೆಯನ್ನು ಕಂಡು ಹೊನ್ನೂರಪ್ಪನಿಗೆ ಮೂತ್ರಕ್ಕೆ ಹೋಗಬೇಕೆನ್ನಿಸಿತು. ಹೋಗಿ ಬಂದ. ಬರುವಷ್ಟರಲ್ಲಿ ಅವನ ಶಾಲೆಯ ಸರದಿ ಸುರುವಾಗಿತ್ತು.

ಮೊದಲ ಹುಡುಗ ಮುದುಕಪ್ಪ ಎಡಗಣ್ಣು ಮುಚ್ಚಿ ಒಂದೇ ಉಸಿರಿಗೆ ಓದಿದ. ಬಲಗಣ್ಣು ಮುಚ್ಚಿ ಮತ್ತೊಮ್ಮೆ ಓದಿದ. ಎರಡನೆಯವಳು ರಹೀಮಾಬೀ, ಡಾಕ್ಟರಮ್ಮ ಕೋಲು ಇಡುವುದಕ್ಕಿಂತ ಮುಂಚೆ ಓದಿ, ಕೋಲು ಬರಲೆಂದು ಕಾಯ್ದಳು. ಮೂರು, ನಾಲ್ಕು, ಐದು. ಬೇರೆ ಶಾಲೆಗಳ ಮಾಸ್ತರರು ಹತ್ತಿರ ಬಂದು ನೋಡತೊಡಗಿದರು. ‘ಏನ್ ತಿನಿಸ್ತೀರಿ ಜಿಲಾನಿಸಾಬರ?’ ಎಂದರು ಒಬ್ಬರು. ‘ನುಗ್ಗಿ ಸೊಪ್ಪು’ ಎಂದರು ಜಿಲಾನಿಸಾಬರು, ಗಂಭೀರವಾಗಿ. ಡಾಕ್ಟರಮ್ಮ ಮಾತ್ರ ಪ್ರತಿ ಮಗುವಿನ ಐದನೆಯ ಸಾಲಿಗೂ ತಮ್ಮ ಕಾಗದದಲ್ಲಿ ಏನೋ ಒಂದು ಗುರುತು ಹಾಕಿಕೊಳ್ಳುತ್ತಿದ್ದರು, ಪ್ರತಿಯೊಬ್ಬರಿಗೂ ಅದೇ ಗುರುತು, ಪ್ರತಿ ಸಲವೂ ಹುಬ್ಬು ತುಸು ಮೇಲೆ ಹೋಗುತ್ತಿತ್ತು. ಹೊನ್ನೂರಪ್ಪ ಆ ಹುಬ್ಬನ್ನು ನೋಡುತ್ತಿದ್ದ. ಎಂಟು ಮಂದಿ ಮುಗಿದರು. ಒಂಬತ್ತನೆಯವಳು ಗ್ಯಾನಮ್ಮ.

ಆಗ ಗಾಳಿ ಬಂತು. ಶ್ರಾವಣದ ಗಾಳಿ ಆ ಕಡೆ ಬೀಸಿದರೆ ಹಾಗೆಯೇ, ಹೇಳಿ ಕೇಳಿ ಬರುವುದಿಲ್ಲ. ಎದುರು ಬಾಗಿಲು ಹೊಡೆದುಕೊಂಡಿತು, ತೋರಣದ ಒಂದು ಎಳೆ ಕಿತ್ತಿತು, ಚಾರ್ಟು ಮೊಳೆಯಿಂದ ಕಳಚಿ ನೆಲದ ಮೇಲೆ ಜಾರಿ ಬೆಂಚಿನ ಕೆಳಗೆ ಹೋಯಿತು. ಡಾಕ್ಟರಮ್ಮನ ಜೊತೆ ಬಂದಿದ್ದ ಸಿಪಾಯಿ ಅದರ ಬೆನ್ನು ಹತ್ತಿದ. ಡಾಕ್ಟರಮ್ಮ ಹಾರುತ್ತಿದ್ದ ಕಾಗದಗಳನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡರು. ಈ ಗಲಾಟೆಯ ನಡುವೆ ಗ್ಯಾನಮ್ಮ, ಹಿಂದಿನವರು ತಳ್ಳಿದ್ದರಿಂದ ಗೆರೆಯ ಮೇಲೆ ಬಂದು, ಕಲಿಸಿದ ಹಾಗೆ ಕಾಲು ಜೋಡಿಸಿ ನಿಂತು, ಎಡಗಣ್ಣಿನ ಮೇಲೆ ಅಂಗೈ ಇಟ್ಟು, ಬರಿದಾದ ಗೋಡೆಗೆ ಮುಖ ಮಾಡಿ ಸುರುಮಾಡಿದಳು. ಗ. ರ, ಲ. ಟ, ನ, ಮ. ಬಹಳ ಸ್ಪಷ್ಟವಾಗಿ, ಸಾಲಿನ ಕೊನೆಗೊಮ್ಮೆ ಉಸಿರು ತೆಗೆದುಕೊಂಡು, ಐದನೆಯ ಸಾಲನ್ನೂ ಮುಗಿಸಿ, ಕೈ ಬದಲಿಸಿ, ಬಲಗಣ್ಣು ಮುಚ್ಚಿ, ಮತ್ತೆ ಮೊದಲಿನಿಂದ. ಸರದಿಯಲ್ಲಿದ್ದ ಮಕ್ಕಳಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ಅವರು ಹದಿಮೂರು ದಿನ ಓದಿದ್ದು ಹೀಗೆಯೇ. ಉಳಿದವರೆಲ್ಲ ಆ ಬರೀ ಗೋಡೆಯ ಕಡೆ ತಿರುಗಿದರು.

ಡಾಕ್ಟರಮ್ಮ ಗೋಡೆ ನೋಡಿದರು, ಹುಡುಗಿಯನ್ನು ನೋಡಿದರು. ಆಮೇಲೆ ಫಾರ್ಮು ತೆಗೆದು ಹೆಸರು ಹುಡುಕಿದರು. ನಾಲ್ಕನೆಯ ಕಾಲಮಿನಲ್ಲಿ ಅದು ಸಿಕ್ಕಿತು. ಅವರ ಮುಖದಲ್ಲಿ, ಕಳೆದ ವಸ್ತು ಇಟ್ಟ ಜಾಗದಲ್ಲೇ ಸಿಕ್ಕವರ ಸಮಾಧಾನ ಮೂಡಿತು.

‘ಸರಿ ಬರದೀರಿ ಮಾಸ್ತರ’ ಎಂದರು ಮೆಲ್ಲಗೆ, ತಾಯಿಗೆ ಕೇಳದಂತೆ. ‘ಏನೂ ಇಲ್ಲದ ಗ್ವಾಡಿ ಓದಾಕತ್ತಾಳ, ಪಾಪ. ಎಷ್ಟು ವರ್ಷದಿಂದ ಹೀಂಗ?’

ಪೆನ್ನಿನ ಟೊಪ್ಪಿಗೆ ತೆಗೆದರು.

ಟೊಪ್ಪಿಗೆ ತೆಗೆದದ್ದಕ್ಕೂ ಮೊನೆ ಕಾಗದ ಮುಟ್ಟುವುದಕ್ಕೂ ನಡುವೆ ಎಷ್ಟು ಹೊತ್ತಾಯಿತೆಂದು ಹೊನ್ನೂರಪ್ಪ ಆಮೇಲೆ ಎಷ್ಟು ಲೆಕ್ಕ ಹಾಕಿದರೂ ಎರಡು ಸೆಕೆಂಡಿನ ಮೇಲೆ ಹೋಗಲಿಲ್ಲ. ಅಷ್ಟರಲ್ಲಿ ಅವನು ಬಹಳಷ್ಟು ಕೆಲಸ ಮಾಡಿದ. ಸುಮ್ಮನಿದ್ದರೆ ಏನಾಗುತ್ತದೆಂದು ನೋಡಿದ: ಏನೂ ಆಗುವುದಿಲ್ಲ. ಫಾರ್ಮು ಸರಿ, ಮಾಸ್ತರ ಸರಿ, ಡಾಕ್ಟರಮ್ಮ ಸರಿ, ಮಧ್ಯಾಹ್ನ ಉಪ್ಪಿಟ್ಟು, ಸಂಜೆ ಬಸ್ಸು. ನಾಡಿದ್ದು ಒಂದು ಟ್ರ್ಯಾಕ್ಟರು ಬಳಗಾನೂರಿಗೆ ಹೋಗುತ್ತದೆ, ಅದರಲ್ಲಿ ಒಂದು ಗಟ್ಟಿ ನಡ ಹೆಚ್ಚಾಗಿರುತ್ತದೆ. ಅವಳು ಕೆಸರಿನಲ್ಲಿ ಬಗ್ಗಿದಾಗ ಮೂಗು ನೀರಿಗೆ ತಾಗುವಷ್ಟು ಬಗ್ಗುತ್ತಾಳೆ, ಯಾರೂ ನಗುವುದಿಲ್ಲ, ಅಲ್ಲಿ ಎಲ್ಲರೂ ಬಗ್ಗಿರುತ್ತಾರೆ. ಕೆಟ್ಟದ್ದೇನಲ್ಲ ಎಂದು ಒಂದು ದನಿ ಹೇಳಿತು. ಆ ದನಿ ಸಿಂಧನೂರಿನಲ್ಲಿ ‘ಈಗ ಹೇಳಿದ್ರ ನಗ್ತಾರ, ಸುಮ್ಮನ ನಡಿ’ ಎಂದದ್ದೇ ದನಿ ಎಂದು ಅವನಿಗೆ ಗುರುತು ಸಿಕ್ಕಿತು. ಟವಲಿನ ಕೆಳಗೆ ಎರಡು ಬೆರಳು ಸಂದಿ, ಅದರಲ್ಲಿ ನೆಲ, ನೆಲದ ಮೇಲೆ ತನ್ನವೇ ಎರಡು ಪಾದ. ಎದುರಿಗೆ ನೋಡಿದರೆ ಗ್ಯಾನಮ್ಮ ಇನ್ನೂ ಗೆರೆಯ ಮೇಲೆ ನಿಂತು, ತಾನು ಚೆನ್ನಾಗಿ ಓದಿದೆನೆಂಬ ಸಂತೋಷದಲ್ಲಿ, ‘ಭಲೇ’ ಬರುವ ದಿಕ್ಕಿಗೆ ಕಾಯುತ್ತಿದ್ದಳು. ದಿಕ್ಕು ತುಸು ತಪ್ಪಿತ್ತು. ಅವಳು ನಗುತ್ತಿದ್ದದ್ದು ನೀರಿನ ಹಂಡೆಯ ಕಡೆಗೆ.

‘ನಾನ ಕಲಿಸೀನ್ರಿ’ ಅಂದ ಹೊನ್ನೂರಪ್ಪ.

‘ಏನು?’

‘ಚಾರ್ಟು. ಬಾಯಿಪಾಠ ಮಾಡಿಸೀನ್ರಿ. ಆಕಿ ಓದಾಕತ್ತಿಲ್ಲ, ಒಪ್ಪಸಾಕತ್ತಾಳ.’

ಜಿಲಾನಿಸಾಬರು ಕೆಮ್ಮಿದರು. ಕೆಮ್ಮು ಉಪಯೋಗಕ್ಕೆ ಬರಲಿಲ್ಲ.

‘ಬಾಯಿಪಾಠ? ಕಣ್ಣಿನ ಚಾರ್ಟು?’

‘ಹೌದ್ರಿ.’

‘ಈ ಹುಡಿಗಿಗೆ ಅಷ್ಟನಾ?’

‘ಹತ್ತೊಂಬತ್ತು ಮಂದಿಗೂ ರೀ. ಹದಿನಾಲ್ಕು ದಿನ.’ ಅಂಕಿಸಂಖ್ಯೆ ಪೂರ್ತಿ ಇರಲಿ ಎಂದು ಸೇರಿಸಿದ, ‘ಮಧ್ಯಾಹ್ನದ ಮ್ಯಾಲಿನ ಮೊದಲ ಪಿರಿಯಡ್.’

ಬೇರೆ ಶಾಲೆಯ ಮಾಸ್ತರೊಬ್ಬರು ಹಿಂದಿನಿಂದ ‘ನುಗ್ಗಿ ಸೊಪ್ಪು’ ಎಂದರು. ನಗೆ ಎದ್ದಿತು. ಜಿಲಾನಿಸಾಬರು ಟೊಪ್ಪಿಗೆ ತೆಗೆದು, ಅದರ ಒಳಗನ್ನು ನೋಡಿ, ಮತ್ತೆ ಹಾಕಿಕೊಂಡು ಹೇಳಿದರು, ‘ಮಾಸ್ತರಂದು ತಪ್ಪಿಲ್ಲ ಅಮ್ಮಾ. ತಯಾರಿ ಮಾಡಸ್ರಿ ಅಂತ ಹುಕುಂ ಮಾಡಿದಾಂವ ನಾನು.’ ಈ ಮಾತನ್ನು ಅವರಿಂದ ಹೊನ್ನೂರಪ್ಪ ನಿರೀಕ್ಷಿಸಿರಲಿಲ್ಲ. ತಪ್ಪೊಪ್ಪಿಗೆಯಲ್ಲೂ ಒಬ್ಬರು ಪಾಲು ಕೇಳಿದ್ದಕ್ಕೆ ಅವನಿಗೆ ಕೊಂಚ ಅಸಮಾಧಾನವೂ ಆಯಿತು.

ಡಾಕ್ಟರಮ್ಮನ ಬಳಿ ಬೇರೆ ಚಾರ್ಟು ಇರಲಿಲ್ಲ. ಇದ್ದದ್ದನ್ನೇ ತಲೆಕೆಳಗಾಗಿ ತೂಗಿಸಿದರು. ಮುದುಕಪ್ಪನನ್ನು ಮತ್ತೆ ಕರೆದರೆ ಅವನು ತಲೆಕೆಳಗಾದ ಚಾರ್ಟನ್ನೂ ‘ಗ’ದಿಂದಲೇ, ಅದೇ ಉತ್ಸಾಹದಲ್ಲಿ ಸುರುಮಾಡಿದ. ಮತ್ತೆ ನೆಟ್ಟಗೆ ತೂಗಿಸಿ, ನಡುವಿನ ಒಂದು ಅಕ್ಷರಕ್ಕೆ ಕೋಲು ಇಟ್ಟು ‘ಇದೊಂದ ಹೇಳು’ ಎಂದರೆ, ತುಟಿಯೊಳಗೇ ಮೊದಲಿನಿಂದ ಹೇಳಿಕೊಂಡು ಬಂದು ಅಲ್ಲಿಗೆ ತಲುಪಿ ದನಿ ತೆಗೆಯುತ್ತಿದ್ದ. ‘ಕೋಲು ಕಾಣ್ತೈತಿ ಅಂದ್ರ ಕಣ್ಣು ಸರಿ ಅದಾವ, ಹೋಗು’ ಎಂದು ಡಾಕ್ಟರಮ್ಮ ಹಣೆ ಒರೆಸಿಕೊಂಡು, ಕೋಲನ್ನು ಮೇಜಿನ ಮೇಲಿಟ್ಟು, ಗ್ಯಾನಮ್ಮನಿಂದ ನಾಲ್ಕು ಹೆಜ್ಜೆ ದೂರ ನಿಂತು ಮೂರು ಬೆರಳು ಎತ್ತಿದರು.

‘ಇವು ಎಷ್ಟು ಅದಾವ ಹೇಳವ್ವ?’

ಗ್ಯಾನಮ್ಮ ವಿಚಾರ ಮಾಡಿದಳು. ಹುಬ್ಬು ಕೂಡಿಸಿದಳು. ನಗು ಮೆಲ್ಲಗೆ ಮುಖದಿಂದ ಹೋಯಿತು. ಅವಳು ಬೆರಳಿನ ಕಡೆಯಿಂದ ತಿರುಗಿ, ಹೊನ್ನೂರಪ್ಪ ಎಲ್ಲಿರಬಹುದೆಂದು ಅಂದಾಜಿಸಿ, ಅಪರಾಧ ತನ್ನದೇ ಎಂಬಂತೆ ಹೇಳಿದಳು:

‘ಅದನ್ನ ಸರ ಇನ್ನಾ ಕಲಿಸಿಲ್ರಿ.’

ಆದೆಮ್ಮ ರೊಟ್ಟಿಯ ಗಂಟನ್ನು ಕೆಳಗಿಟ್ಟಳು.

ಡಾಕ್ಟರಮ್ಮ ಅವಳನ್ನು ಸ್ಟೂಲಿನ ಮೇಲೆ ಕೂಡಿಸಿ, ಮೂಗಿನ ಮೇಲೆ ಗಾಜು ಬದಲಿಸುವ ದುಂಡನೆಯ ಕಬ್ಬಿಣದ ಚೌಕಟ್ಟು ಇಟ್ಟರು. ದೊಡ್ಡವರಿಗೆ ಮಾಡಿದ್ದು, ಕಿವಿಯಿಂದ ಜಾರುತ್ತಿತ್ತು, ತಾಯಿ ಹಿಂದೆ ನಿಂತು ಹಿಡಿದುಕೊಂಡಳು. ಒಂದು ಗಾಜು ಹಾಕಿದರು, ತೆಗೆದರು, ಮತ್ತೊಂದು, ಅದರ ಮೇಲೊಂದು. ಅರ್ಧ ತಾಸಾಯಿತು. ಗ್ಯಾನಮ್ಮ ಸುಮ್ಮನಿದ್ದಳು. ಒಮ್ಮೆ ಮಾತ್ರ, ಆರನೆಯದೋ ಏಳನೆಯದೋ ಗಾಜು ಚೌಕಟ್ಟಿನಲ್ಲಿ ಕೂತಾಗ, ಕುತ್ತಿಗೆಯನ್ನು ಹಿಂದಕ್ಕೆ ಎಳೆದುಕೊಂಡಳು, ಎದುರಿನಿಂದ ಯಾರೋ ಸರಕ್ಕನೆ ಹತ್ತಿರ ಬಂದ ಹಾಗೆ. ಡಾಕ್ಟರಮ್ಮ ಫಾರ್ಮಿನ ನಾಲ್ಕನೆಯ ಕಾಲಮಿನ ಹೆಸರನ್ನು ಎರಡು ಸಲ ಅಡ್ಡ ಹೊಡೆದು, ಮೊದಲನೆಯ ಕಾಲಮಿನಲ್ಲಿ ಬರೆದರು. ಮೂರು ವಾರದಲ್ಲಿ ಕನ್ನಡಕ ಬರುತ್ತದೆ ಎಂದರು. ಮುಂದಿನ ಸಾಲಿನಲ್ಲಿ ಕೂಡಿಸಿರಿ ಎಂದರು. ಉಳಿದ ಮಕ್ಕಳನ್ನು ಬೇರೆ ಚಾರ್ಟು ತರಿಸಿ ಇನ್ನೊಂದು ದಿನ ನೋಡುತ್ತೇನೆ ಎಂದರು. ಆದೆಮ್ಮ ಕೇಳಿದಳು, ‘ಹಂಗಾರ ಬುದ್ಧಿ ಐತೇನ್ರಿ ಈಕೀಗೆ?’

‘ಅದನ್ನ ನಾ ಹೇಳಾಕ ಬರಂಗಿಲ್ಲವ್ವ. ಬುದ್ಧಿ ಕಡಿಮಿ ಅಂತ ಬರದವರು ಮಾಸ್ತರ, ಅವರನ್ನ ಕೇಳ್ರಿ.’

ಆದೆಮ್ಮ ಅವನ ಕಡೆ ತಿರುಗಿದಳು. ಕೇಳಲಿಲ್ಲ, ಕಾಯ್ದಳು. ಹೊನ್ನೂರಪ್ಪನಿಗೆ ಇಷ್ಟು ವರ್ಷದಲ್ಲಿ ಇಷ್ಟು ಸುಲಭದ ಪ್ರಶ್ನೆಯನ್ನು ಯಾರೂ ಹಾಕಿರಲಿಲ್ಲ, ಇಷ್ಟು ಹೊತ್ತು ಕಾಯ್ದೂ ಇರಲಿಲ್ಲ. ‘ಐತಿ’ ಅಂದ. ದನಿ ಸಣ್ಣಗೆ ಬಂತು. ಇನ್ನೊಮ್ಮೆ ಅಂದ, ‘ಐತಿ ಆದೆಮ್ಮ. ಟ್ರ್ಯಾಕ್ಟರ್ ಹತ್ತಸಬ್ಯಾಡ.’

ಅಲ್ಲಿಗೆ ಮುಗಿಯಿತೆಂದುಕೊಂಡು ಅವನು ಹಾಜರಿ ಪುಸ್ತಕ ಚೀಲಕ್ಕೆ ಹಾಕುತ್ತಿದ್ದಾಗ ಡಾಕ್ಟರಮ್ಮ ಕರೆದರು.

‘ಮಾಸ್ತರ, ಐದನೇ ಸಾಲಿನ್ಯಾಗ ಮೂರನೇ ಅಕ್ಷರ ಯಾವುದು?’

‘ಪ ರೀ.’

‘ನಿಮ್ಮ ಹುಡುಗ್ರೂ ಅದನ್ನ ಹೇಳಿದ್ರು. ಒಂಬತ್ತಕ್ಕ ಒಂಬತ್ತೂ ಮಂದಿ. ಮಕ್ಕಳ ಕಣ್ಣಿನ ತಪ್ಪಾಗಿದ್ರ ಒಬ್ಬೊಬ್ಬರದೂ ಒಂದೊಂದು ಥರ ಇರ್ತೈತಿ. ಒಂಬತ್ತು ಮಂದಿಗೆ ಒಂದ ತಪ್ಪು ಅಂದ್ರ ಅದು ಮಕ್ಕಳ ಕಣ್ಣಲ್ಲ. ನೀವು ಎಲ್ಲಿ ಕುಂತು ಓದಿ ಕಲಿಸಿದ್ರಿ?’

‘ಕುರ್ಚಿಮ್ಯಾಲೆ ರೀ. ನಮ್ಮ ಸಾಲ್ಯಾಗ ಕುರ್ಚಿಗೂ ಗ್ವಾಡಿಗೂ…’ ಅಳತೆ ನಾಲಗೆಯ ತುದಿಯಲ್ಲೇ ನಿಂತಿತು.

‘ಬರ್ರಿ, ಗೆರಿ ಮ್ಯಾಲೆ ನಿಂದರ್ರಿ.’

ಹೊನ್ನೂರಪ್ಪ ನಿಂತ. ಹನ್ನೊಂದು ಶಾಲೆಯ ಮಾಸ್ತರರು ನೋಡುತ್ತಿದ್ದರು. ಎಡಗಣ್ಣಿನ ಮೇಲೆ ಅಂಗೈ ಇಟ್ಟ. ಬೆರಳಿನ ಸಂದಿಯಲ್ಲಿ ತುಸು ಬೆಳಕು ಕಂಡಿತು. ಬೆರಳು ಬಿಗಿದು ಅದನ್ನೂ ಮುಚ್ಚಿದ. ‘ಗ’ ದೊಡ್ಡದಾಗಿತ್ತು, ಸಂಶಯವಿರಲಿಲ್ಲ. ರ, ಲ. ಟ, ನ, ಮ. ನಾಲ್ಕನೆಯ ಸಾಲಿಗೆ ಬರುವಾಗ ಒಂದು ವಿಚಿತ್ರ ನಡೆಯಿತು. ಅವನ ಬಾಯಿ ಕಣ್ಣಿಗಿಂತ ಮುಂದೆ ಮುಂದೆ ಹೋಗುತ್ತಿತ್ತು. ‘ಡ’ ಎಂದು ಅಂದಾದ ಮೇಲೆ ಅಲ್ಲಿ ‘ಡ’ ಕಾಣಿಸುತ್ತಿತ್ತು. ‘ಸ’ ಎಂದರೆ ‘ಸ’. ನೋಡಿ ಹೇಳುತ್ತಿದ್ದಾನೋ, ಹೇಳಿದ್ದರಿಂದ ನೋಡುತ್ತಿದ್ದಾನೋ ತಿಳಿಯದೆ ಅವನು ನಿಂತುಬಿಟ್ಟ. ಇದು ಚಾರ್ಟಿನಲ್ಲಿ ಮಾತ್ರವೇ, ಅಥವಾ ಇಷ್ಟು ವರ್ಷ ಹಾಜರಿ ಕರೆದು ಕರೆದು ತರಗತಿಯಲ್ಲಿ ಕಂಡ ಮುಖಗಳೆಲ್ಲ ಹೀಗೆಯೇ ಕಂಡವೇ ಎಂಬುದು ಅಲ್ಲಿ, ಸುಣ್ಣದ ಗೆರೆಯ ಮೇಲೆ, ಒಂದು ಕಣ್ಣು ಮುಚ್ಚಿಕೊಂಡು ಯೋಚಿಸುವ ವಿಷಯವಾಗಿರಲಿಲ್ಲ. ಆದರೆ ಅದೇ ಬಂತು. ಡಾಕ್ಟರಮ್ಮ ಐದನೆಯ ಸಾಲಿನ ಮೂರನೆಯ ಅಕ್ಷರಕ್ಕೆ ಕೋಲು ಇಟ್ಟರು. ಅವನು ಬಾಯಿ ಮುಚ್ಚಿಕೊಂಡ, ಬರೀ ಕಣ್ಣಿನಿಂದ ನೋಡಲು ಯತ್ನಿಸಿದ. ಅಲ್ಲಿ ಕಪ್ಪಗೆ ಏನೋ ಇತ್ತು. ಗುಡಿಯೋ, ಪಂಪ್‌ಸೆಟ್ಟಿನ ಕೋಣೆಯೋ, ನಿಂತ ಎತ್ತೋ.

ಮಾಸ್ತರ ಮರೆತರೆಂದು ತರಗತಿಗೆ ಗೊತ್ತಾಯಿತು. ಮರೆತವರನ್ನು ಕೈಬಿಡುವ ತರಗತಿ ಅದಲ್ಲ. ಬೆನ್ನ ಹಿಂದಿನ ಬೆಂಚಿನಿಂದ ಮೊದಲು ಮುದುಕಪ್ಪ, ಆಮೇಲೆ ರಹೀಮಾಬೀ, ಆಮೇಲೆ ಒಬ್ಬರ ಹಿಂದೊಬ್ಬರು, ತುಟಿ ಅಲುಗದಂತೆ, ಪರೀಕ್ಷೆಯಲ್ಲಿ ಗೆಳೆಯನಿಗೆ ಹೇಳಿಕೊಡುವ ನಿಷ್ಠೆಯಿಂದ ಪಿಸುಗುಟ್ಟತೊಡಗಿದರು: ‘ಪ ರೀ ಸರ… ಸರ, ಪ… ಪ…’ ಕಾರ್ಯಾಲಯದ ತುಂಬ ಹದಿನೆಂಟು ಪಿಸುಮಾತು ಹರಿದಾಡಿತು. ಜಿಲಾನಿಸಾಬರ ತುಟಿಯೂ ಅಲುಗಿದ್ದನ್ನು ಒಬ್ಬಿಬ್ಬರು ನೋಡಿದರು.

‘ಪ ಅಲ್ರಿ ಸರ’ ಎಂದಳು ಸ್ಟೂಲಿನ ಮೇಲೆ ಕೂತಿದ್ದ ಗ್ಯಾನಮ್ಮ, ಎರಡೂ ಕೈಯಿಂದ ಕಬ್ಬಿಣದ ಚೌಕಟ್ಟನ್ನು ಮೂಗಿಗೆ ಒತ್ತಿ ಹಿಡಿದುಕೊಂಡು. ಪಿಸುಗುಟ್ಟಲಿಲ್ಲ. ‘ಅಲ್ಲೆ ವ ಐತ್ರಿ.’

ಪಿಸುಮಾತು ನಿಂತಿತು. ಡಾಕ್ಟರಮ್ಮ ಪೆನ್ನು ಹಿಡಿದು ಹೊನ್ನೂರಪ್ಪನನ್ನೇ ನೋಡುತ್ತಿದ್ದರು. ಅವನು ಕೈ ಕಣ್ಣಿನಿಂದ ತೆಗೆಯಲಿಲ್ಲ.

‘ನನಗ ಕಾಣವಲ್ದು ರೀ’ ಅಂದ. ‘ಆಕಿ ಹೇಳಿದ್ದು ಬರಕೊಳ್ರಿ.’